ಬೆಳೆಸಿದವರ ದೋಷ

ಕೋಪ ಬಂದಾಗ ನಾನು ಬಹಳ ಚೆನ್ನಾಗಿ ಮಾತಾಡುತ್ತೇನೆ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ತಪ್ಪೊಪ್ಪಿಗೆ ಎಂದೇ ತಿಳಿಯಿರಿ. ಶಾಂತವಾಗಿರುವಾಗ ನನ್ನ ಮಾತು ಕಡತದ ಮೇಲಿನ ಟಿಪ್ಪಣಿಯ ಹಾಗಿರುತ್ತದೆ, ಯಾರೂ ಕೊನೆಯವರೆಗೆ ಹೋಗುವುದಿಲ್ಲ. ಕೋಪ ಬಂತೋ, ಶಬ್ದಗಳು ತಾವಾಗಿಯೇ ಸಾಲುಗಟ್ಟಿ ಬಂದು ನಿಲ್ಲುತ್ತವೆ. ಮಲಯಾಳದಲ್ಲೂ ಅಷ್ಟೇ. ಕಾಸರಗೋಡಿನಲ್ಲಿ ಹುಟ್ಟಿದವನಾದ್ದರಿಂದ ನನಗೆ ಮಲಯಾಳ ಬರುತ್ತದೆ ಎಂಬುದು ನನ್ನ ನಂಬಿಕೆ. ಕೊಚ್ಚಿಯವರು ಅದನ್ನು ಇನ್ನೂ ಪೂರ್ತಿ ಒಪ್ಪಿಲ್ಲ. ಆದರೂ ಕಳೆದ ಮಳೆಗಾಲದ ಒಂದು ಭಾನುವಾರ, ಕಾಕ್ಕನಾಡಿನ ನಮ್ಮ ಫ್ಲ್ಯಾಟಿನ ಕೆಳಗಿನ ಹಾಲಿನಲ್ಲಿ ಅಷ್ಟೂ ಮನೆಯವರ ಎದುರು ನಾನು ಹದಿನೈದು ನಿಮಿಷ ಮಾತಾಡಿದೆ. ಯಾರೂ ಫೋನ್ ನೋಡಲಿಲ್ಲ. ವಿಷಯ, ಮಕ್ಕಳನ್ನು ಬೆಳೆಸುವುದು ಹೇಗೆ ಎಂಬುದು. ಆ ಹದಿನೈದು ನಿಮಿಷ ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ನಮ್ಮದು ಹನ್ನೆರಡು ಮಹಡಿಯ ಕಟ್ಟಡ. ಹಗಲು ಹೊತ್ತು ಗೇಟು ಕಾಯುತ್ತಿದ್ದವರು ಸುಲೋಚನಾ ಚೇಚಿ. ಚೇಚಿ ಎಂದರೆ ಅಕ್ಕ. ಐವತ್ತೆಂಟು ದಾಟಿದ್ದರಿಂದ ನಮ್ಮ ಮಕ್ಕಳಿಗೆ ಅವರು ಅಜ್ಜಿಯೇ ಆಗಬೇಕಿತ್ತು. ಆದರೆ ಕೇರಳದಲ್ಲಿ ಒಮ್ಮೆ ಚೇಚಿಯಾದವರಿಗೆ ಬಡ್ತಿ ಸಿಗುವುದು ನಿಧಾನ. ತಿರುವನಂತಪುರದ ಕಡೆಯವರು. ಸೀರೆಯ ಮೇಲೆ ಸೆಕ್ಯೂರಿಟಿ ಕಂಪನಿಯವರು ಕೊಟ್ಟ ಗಂಡಸರ ಅಳತೆಯ ಕೋಟು ಹಾಕಿಕೊಂಡು, ಅದರ ತೋಳನ್ನು ಎರಡು ಮಡಿಕೆ ಮಡಚಿ, ಗೇಟಿನ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಯಾರ ಮನೆಯ ಮುದುಕರಿಗೆ ಶುಗರ್, ಯಾರಿಗೆ ತಲೆ ತಿರುಗುತ್ತದೆ, ಯಾರ ಮಗ ದುಬೈನಿಂದ ಯಾವಾಗ ಬರುತ್ತಾನೆ, ಎಲ್ಲವೂ ಅವರಿಗೆ ಗೊತ್ತು. ಅವರ ಬಗ್ಗೆ ನಮಗೆ ಏನು ಗೊತ್ತಿತ್ತು ಎಂದು ಕೇಳಬೇಡಿ.

ಜೋರು ಮಳೆಗೆ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಕೊಟ್ಟ ದಿನ ಅದು. ಕಚೇರಿಗಳಿಗೆ ರಜೆ ಇಲ್ಲ, ಮಕ್ಕಳಿಗೆ ಮಾತ್ರ. ಆದ್ದರಿಂದ ಅಪ್ಪ ಅಮ್ಮಂದಿರೆಲ್ಲ ಕೆಲಸಕ್ಕೆ ಹೋಗಿದ್ದರು, ಮಕ್ಕಳು ಕಟ್ಟಡದಲ್ಲಿದ್ದರು. ಮಳೆನೀರು ಒಳಗೆ ಇಳಿದು ಲಿಫ್ಟ್ ಕೆಟ್ಟು ನಿಂತಿತ್ತು. ಮಧ್ಯಾಹ್ನ ಗೇಟಿನ ಇಂಟರ್‌ಕಾಮ್ ಹೊಡೆದುಕೊಂಡಿತು. ಒಂದು ಮಗುವಿನ ಗಾಬರಿ ದನಿ: "ಚೇಚೀ, ಹನ್ನೊಂದನೇ ಮಹಡಿಯಲ್ಲಿ ಅಮ್ಮೂಮ್ಮ ಬಿದ್ದಿದ್ದಾರೆ, ಏಳುತ್ತಾ ಇಲ್ಲ, ಬೇಗ ಬನ್ನಿ." ಅಮ್ಮೂಮ್ಮ ಎಂದರೆ ಅಜ್ಜಿ. ಸುಲೋಚನಾ ಚೇಚಿ ಹನ್ನೊಂದು ಮಹಡಿ ಮೆಟ್ಟಿಲು ಹತ್ತಿದರು. ಅಲ್ಲಿ ಯಾರೂ ಬಿದ್ದಿರಲಿಲ್ಲ. ನಾಲ್ಕೂ ಮನೆಯ ಬಾಗಿಲು ಹಾಕಿತ್ತು. ಎದೆ ಹಿಡಿದುಕೊಂಡು ಅವರು ಮೆಟ್ಟಿಲ ಮೇಲೆ ಕೂತರು. ಮೇಲಿನ ತಿರುವಿನಲ್ಲಿ ಅಡಗಿ ಕೂತಿದ್ದ ನಾಲ್ಕೈದು ಮಕ್ಕಳು ಅದನ್ನು ಫೋನಿನಲ್ಲಿ ವೀಡಿಯೊ ಮಾಡಿಕೊಂಡು ನಕ್ಕರು. ಇಳಿಯುವಾಗ, ಎರಚಲು ಹೊಡೆದು ಒದ್ದೆಯಾಗಿದ್ದ ಮೆಟ್ಟಿಲಲ್ಲಿ ಚೇಚಿಯ ಕಾಲು ಜಾರಿತು. ಮೊಣಕಾಲಿನ ಚಿಪ್ಪು ಸೀಳಿತು. ಆಸ್ಪತ್ರೆ, ಪಟ್ಟಿ, ಅಲ್ಲಿಂದ ಊರು. ಮರುದಿನ ಬೆಳಿಗ್ಗೆ ಆ ಕುರ್ಚಿಯಲ್ಲಿ ಬೇರೊಬ್ಬರು ಕೂತಿದ್ದರು.

ವೀಡಿಯೊ ಮಕ್ಕಳ ಗ್ರೂಪಿನಿಂದ ದೊಡ್ಡವರ ಗ್ರೂಪಿಗೆ ಬಂತು. ತಂದು ಹಾಕಿದ್ದು ಒಬ್ಬ ತಾಯಿ, ನಗುವ ಮುಖಗಳ ಜೊತೆ, ಮಕ್ಕಳ ತಮಾಷೆ ಎಂದು. ಚೇಚಿಗೆ ಪೆಟ್ಟಾಗಿದೆ ಎಂದು ತಿಳಿದ ಮೇಲೆ ಅವರು ಅದನ್ನು ಅಳಿಸಿದರು. ಅಷ್ಟರಲ್ಲಿ ನಾನು ಕಚೇರಿಯ ಮೀಟಿಂಗಿನಲ್ಲಿ, ಮೇಜಿನ ಕೆಳಗೆ, ಸದ್ದು ಆರಿಸಿ ಅದನ್ನು ನೋಡಿದ್ದೆ. ಮೇಲಿನಿಂದ ತೆಗೆದ ಚಿತ್ರ. ನೆರೆತ ತಲೆ, ದೊಡ್ಡ ಕೋಟು, ಮೇಲೆ ಕೆಳಗೆ ಆಗುತ್ತಿದ್ದ ಭುಜಗಳು. ಕೋಪ ಅಲ್ಲೇ ಹತ್ತಿಕೊಂಡಿತು.

ನನಗೊಬ್ಬಳು ಮಗಳು, ಅನಘಾ, ಎಂಟನೇ ತರಗತಿ. ಹೆಂಡತಿ ವಿದ್ಯಾ ಬ್ಯಾಂಕಿನವಳು. ಒಂದೂವರೆ ವರ್ಷದಿಂದ ಅವಳ ಕೆಲಸ ತಿರುವನಂತಪುರದಲ್ಲಿ. ಶುಕ್ರವಾರ ಸಂಜೆ ಬಂದು ಸೋಮವಾರ ನಸುಕಿಗೆ ಹೊರಡುತ್ತಾಳೆ. ನಡುವಿನ ದಿನಗಳಲ್ಲಿ ಮಗಳನ್ನು ಬೆಳೆಸುವ ಜವಾಬ್ದಾರಿ ನನ್ನದು. ಆ ಸಂಜೆ ಮನೆಗೆ ಬಂದವನೇ ಆ ಜವಾಬ್ದಾರಿಯನ್ನು ನಿರ್ವಹಿಸಿದೆ. "ನೀನೇನೂ ಅದರಲ್ಲಿ ಇರಲಿಲ್ಲ ಅಲ್ವಾ?" ಎಂದು ಕೇಳಿದೆ. ಪ್ರಶ್ನೆಯ ಒಳಗೇ ಉತ್ತರ ಇಟ್ಟು ಕೊಡುವುದು ಎಂದರೆ ಇದು. ಅವಳು "ಇಲ್ಲ" ಎಂದಳು, ಮಲಯಾಳದಲ್ಲಿ. ಹನ್ನೊಂದು ನಮ್ಮದೇ ಮಹಡಿ ಎಂಬುದು ನನಗೆ ಹೊಳೆಯದೆ ಇರಲಿಲ್ಲ. ಆದರೆ ಆ ಮಹಡಿಯಲ್ಲಿ ನಾಲ್ಕು ಮನೆಗಳಿವೆ. ಅನುಮಾನ ಪಡಲು ನನಗೆ ಮೂರು ಸಾಕಾಗಿದ್ದವು.

ಭಾನುವಾರ ಸಭೆ ಸೇರಿತು. ಬ್ಯಾಂಕಿನಲ್ಲಿ ತುರ್ತು ಕೆಲಸವೆಂದು ವಿದ್ಯಾ ಆ ವಾರ ಬಂದಿರಲಿಲ್ಲ. ಸಭೆಯ ಮೊದಲ ಅರ್ಧ ಗಂಟೆ ಒಂದೇ ವಾಕ್ಯ ಬೇರೆ ಬೇರೆ ಬಾಯಿಗಳಿಂದ ಬರುತ್ತಿತ್ತು: "ಪಿಳ್ಳೇರಲ್ಲೇ ಸಾರೇ." ಮಕ್ಕಳಲ್ಲವೇ ಸಾರ್ ಎಂದು ಅರ್ಥ. ಏನು ಮುದ್ದಾದ ವಾಕ್ಯ! ಇದನ್ನು ಹೇಳಿದ ಒಬ್ಬರು ವಲ್ಲಾರ್ಪಾಡಂನ ಬಂದರಿನಲ್ಲಿ ದೊಡ್ಡ ಹುದ್ದೆಯಲ್ಲಿರುವವರು. ನಾನು ಎದ್ದು ನಿಂತದ್ದು ಆಗಲೇ.

"ನಿಮ್ಮ ಬಂದರಿಗೆ ಬರುವ ಸಾವಿರಾರು ಕಂಟೇನರುಗಳಲ್ಲಿ ಯಾವುದು ಯಾವ ಸಾಲಿನಲ್ಲಿದೆ, ಒಳಗೇನಿದೆ ಎಂದು ನೀವು ಕೂತಲ್ಲೇ ಹೇಳುತ್ತೀರಿ. ಬುಧವಾರ ಮಧ್ಯಾಹ್ನ ನಿಮ್ಮ ಮಗ ಎಲ್ಲಿದ್ದ, ಅವನ ತಲೆಯೊಳಗೆ ಏನಿತ್ತು, ಹೇಳಿ ನೋಡೋಣ" ಎಂದೆ. ಎಲ್ಲ ತಲೆಗಳೂ ನನ್ನ ಕಡೆ ತಿರುಗಿದವು. ಅದು ನನಗೆ ಹಿಡಿಸಿತು. ಮುಂದುವರಿಸಿದೆ. ಮಕ್ಕಳಿಗೆ ಈಜು ಕಲಿಸುತ್ತೇವೆ, ಕರಾಟೆ ಕಲಿಸುತ್ತೇವೆ, ಏದುಸಿರು ಬಿಡುವ ಮುದುಕಿಯ ಎದುರು ನಗಬಾರದು ಎಂದು ಕಲಿಸಲು ಯಾವ ತರಗತಿಗೆ ಕಳಿಸಬೇಕು ಎಂದು ಕೇಳಿದೆ. ನಾಳೆ ಇವರೇ ಡಾಕ್ಟರಾಗುತ್ತಾರೆ, ಕಚೇರಿಗಳಲ್ಲಿ ನಮ್ಮ ಅರ್ಜಿ ಹಿಡಿದು ಕೂರುತ್ತಾರೆ, ಆಗ ಬಿದ್ದವರು ನಾವಾಗಿರುತ್ತೇವೆ ಎಂದೆ. ಕೊನೆಗೆ ಮಲಯಾಳದ ಒಂದು ಪದವನ್ನು ಎಸೆದೆ: ವಳರ್ತ್ತುದೋಷಂ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಆ ಪದ ನನಗೆ ಇಷ್ಟ. ಬೆಳೆಸಿದ ರೀತಿಯಲ್ಲೇ ಇರುವ ದೋಷ ಎಂದು ಅದರ ಅರ್ಥ. ತಪ್ಪು ಮಾಡಿದ ಮಗುವನ್ನು ಬಿಟ್ಟು ಅದರ ಹಿಂದೆ ನಿಂತವರ ಕೊರಳಪಟ್ಟಿಗೆ ಕೈ ಹಾಕುವ ಪದ. ನಮ್ಮ ಕನ್ನಡದಲ್ಲಿ ಇಷ್ಟು ಚೂಪಾದ ಒಂದೇ ಪದ ಇಲ್ಲ. ಹೆತ್ತವರು ಎಂದರೆ ಹೆತ್ತರೆ ಮುಗಿಯಿತು ಎಂಬಂತೆ ಕೇಳಿಸುತ್ತದೆ. ಪೋಷಕರು ಎಂಬ ಜಾತಿ ಶಾಲೆಯ ಡೈರಿಯಲ್ಲಿ ಮಾತ್ರ ಕಾಣಸಿಗುತ್ತದೆ. ಅವರ ಕೆಲಸ ಚುಕ್ಕೆಗಳ ಮೇಲೆ ಸಹಿ ಮಾಡುವುದು. ಇನ್ನು ಬೆಳೆಸುವುದು ಎಂಬ ಕ್ರಿಯಾಪದವನ್ನು ನಾವು ಬದನೆಗೂ ಗಡ್ಡಕ್ಕೂ ಮಗುವಿಗೂ ಭೇದವಿಲ್ಲದೆ ಬಳಸುತ್ತೇವೆ. ಗಡ್ಡದ ಹಾಗೆ ಮಗುವೂ ಸುಮ್ಮನೆ ಬಿಟ್ಟರೆ ಬೆಳೆಯುತ್ತದೆ ಎಂದು ನಂಬಿದವರ ಸಂಖ್ಯೆ ಆ ಹಾಲಿನಲ್ಲಿ ಕಡಿಮೆ ಇರಲಿಲ್ಲ.

ಚಪ್ಪಾಳೆ ಬಿತ್ತು. ನಿಜವಾಗಿಯೂ ಬಿತ್ತು. ಬಂದರಿನವರು ಮಾತ್ರ ಕೆಂಪಾಗಿ, "ಆ ಮಕ್ಕಳಲ್ಲಿ ನನ್ನ ಮಗ ಇದ್ದ ಎಂದು ಯಾರು ಹೇಳಿದರು? ವೀಡಿಯೊ ಹಾಕಿ, ನೋಡೋಣ" ಎಂದರು. ಸೆಕ್ರೆಟರಿ ಕುರಿಯನ್ ಸಾರ್ ಅದನ್ನು ಉಳಿಸಿಕೊಂಡಿದ್ದರು. ಗೋಡೆಯ ದೊಡ್ಡ ಟೀವಿಗೆ ಜೋಡಿಸಿ, ಸದ್ದು ಏರಿಸಿ ಹಾಕಿದರು.

ಚೇಚಿಯ ಉಸಿರು ಕೇಳಿಸಿತು. ಮಕ್ಕಳ ಒತ್ತಿ ಹಿಡಿದ ನಗು ಕೇಳಿಸಿತು. ಆಮೇಲೆ ಫೋನಿಗೆ ತೀರ ಹತ್ತಿರದಿಂದ, ಎಂದರೆ ಫೋನ್ ಹಿಡಿದವರ ಬಾಯಿಂದಲೇ, ಒಂದು ಹುಡುಗಿಯ ದನಿ:

"ಕೂತೇಬಿಟ್ಳು ನೋಡು!"

ಕನ್ನಡ. ಆ ಇಡೀ ಕಟ್ಟಡದಲ್ಲಿ ಕನ್ನಡ ಬರುವುದು ಒಂದೇ ಮನೆಗೆ.

ಅನಘಾಳ ಬಾಯಿಂದ ಒಂದು ಕನ್ನಡ ವಾಕ್ಯ ಹೊರಡಿಸಲು ನಾನು ಪಡದ ಪಾಡಿಲ್ಲ. ಚಾಕಲೇಟಿನ ಆಸೆ ತೋರಿಸಿದ್ದೇನೆ, ಬೈದಿದ್ದೇನೆ, ವಿದ್ಯಾಳ ತಾಯಿಯನ್ನು ಪುತ್ತೂರಿನಿಂದ ಕರೆಸಿ ಮೂರು ವಾರ ಇರಿಸಿಕೊಂಡಿದ್ದೇನೆ. ಎಲ್ಲಕ್ಕೂ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಉತ್ತರ ಬರುತ್ತಿತ್ತು. ಈಗ ಅರವತ್ತು ಇಂಚಿನ ಟೀವಿಯಿಂದ ಶುದ್ಧವಾದ, ಉಚ್ಚಾರ ದೋಷವಿಲ್ಲದ ಕನ್ನಡ ಬಂದಿತ್ತು.

"ಅದೇನು ಹೇಳಿದ್ದು?" ಎಂದು ಯಾರೋ ಕೇಳಿದರು. "ತಮಿಳು ಇರಬೇಕು" ಎಂದರು ಇನ್ನೊಬ್ಬರು. ಬಂದರಿನವರು ನನ್ನ ಕಡೆ ನೋಡಲೂ ಇಲ್ಲ. ಅಷ್ಟು ಜನರಲ್ಲಿ ಗೊತ್ತಿದ್ದವನು ನಾನೊಬ್ಬ. ನಾನು ಕೂತುಕೊಂಡೆ. ಸಭೆ ಮುಗಿದು ಹೊರಡುವಾಗ ಇಬ್ಬರು ಕೈ ಕುಲುಕಿ, ಇಂಥ ಮಾತನ್ನು ಯಾರಾದರೂ ಹೇಳಲೇಬೇಕಿತ್ತು ಎಂದರು. ನಾನು "ಥ್ಯಾಂಕ್ಸ್" ಎಂದೆ. ಹೌದು, ಹಾಗೆಯೇ ಎಂದೆ.

ಮನೆಗೆ ಬಂದು ಬಾಗಿಲು ಹಾಕಿದೆ. ಕೋಪ ಇನ್ನೂ ಬೆಚ್ಚಗಿತ್ತು, ಮಾತಿಗೆ ಕೊರತೆ ಇರಲಿಲ್ಲ. ಸುಳ್ಳು ಹೇಳಿದ್ದಕ್ಕೆ ಬೈದೆ, ವೀಡಿಯೊ ಮಾಡಿದ್ದಕ್ಕೆ ಬೈದೆ. ಅವಳು ಸೋಫಾದ ಮೂಲೆಯಲ್ಲಿ ಮುದುಡಿ ಗಟ್ಟಿಯಾಗಿ ಅಳುತ್ತ ಕೇಳಿಸಿಕೊಂಡಳು. ಆಮೇಲೆ ನಾನು, "ನಿನ್ನ ಅಜ್ಜಿಯ ವಯಸ್ಸಿನವರಿಗೆ ಕೂತೇಬಿಟ್ಳು ಅಂತಿಯಲ್ಲ, ಎಲ್ಲಿಂದ ಕಲಿತೆ ಆ ಮಾತು?" ಎಂದು ಗರ್ಜಿಸಿದೆ.

ಅವಳು ತಲೆ ಎತ್ತಿದಳು. ಕನ್ನಡದಲ್ಲೇ ಹೇಳಿದಳು.

"ಅಪ್ಪ, ನೀವೇ ಹೇಳುದಲ್ವಾ. ಗೇಟಿನ ಹತ್ರ ಹಾರ್ನ್ ಹಾಕುವಾಗ."

ನಿಜ. ಸಂಜೆ ಕಚೇರಿಯಿಂದ ಬರುವಾಗ, ಟ್ಯೂಷನ್ನಿನಿಂದ ಅವಳನ್ನು ಕೂರಿಸಿಕೊಂಡು ಗೇಟಿನ ಎದುರು ಕಾರು ನಿಲ್ಲಿಸಿ, ಗೇಟು ತೆರೆಯುವುದು ಎರಡು ಕ್ಷಣ ತಡವಾದರೆ ನಾನು ಸ್ಟಿಯರಿಂಗ್ ಹಿಂದಿನಿಂದ ಹೇಳುತ್ತಿದ್ದೆ: ಕೂತೇಬಿಟ್ಳು ನೋಡು, ಏಳ್ಲಿಕ್ಕೇ ಆಗುದಿಲ್ಲ ಅವಳಿಗೆ. ಗಾಜು ಏರಿಸಿರುತ್ತಿದ್ದುದರಿಂದ ಚೇಚಿಗೆ ಕೇಳಿಸುತ್ತಿರಲಿಲ್ಲ. ಕೇಳಿಸಿದರೂ ಕನ್ನಡ ತಿಳಿಯುತ್ತಿರಲಿಲ್ಲ. ಗಾಜು ಇಳಿಸಿದ ಮೇಲೆ ಮಲಯಾಳದಲ್ಲಿ "ಚೇಚೀ, ಊಟ ಆಯ್ತಾ?" ಎಂದು ನಗುತ್ತಿದ್ದೆ. ನಮ್ಮ ಭಾಷೆಯಲ್ಲಿ ಒಬ್ಬರನ್ನು ಏರಿಸಲು ಇಳಿಸಲು ಒಂದು ಅಕ್ಷರ ಸಾಕು. ಬಿಟ್ಟರು ಎನ್ನುವುದಕ್ಕೂ ಬಿಟ್ಳು ಎನ್ನುವುದಕ್ಕೂ ಹನ್ನೊಂದು ಮಹಡಿಯಷ್ಟು ಅಂತರ. ವ್ಯಾಕರಣದ ಪುಸ್ತಕ ಹಿಡಿದು ನಾನು ಕಲಿಸಿದ ಬಹುವಚನ ಒಂದೂ ಅವಳ ತಲೆಗೆ ಹತ್ತಿರಲಿಲ್ಲ. ಕಲಿಸುತ್ತಿದ್ದೇನೆ ಎಂದು ನನಗೇ ಗೊತ್ತಿಲ್ಲದೆ ದಿನಾ ಕಲಿಸಿದ್ದು ಹತ್ತಿತ್ತು.

ಇನ್ನು ನನ್ನ ಹೇಡಿತನದ ಭಾಗ. ಎರಡು ದಿನ ನಾನು ಯಾರಿಗೂ ಏನೂ ಹೇಳಲಿಲ್ಲ. ಫೋನಿನಲ್ಲಿ ವಿದ್ಯಾಳಿಗೂ ಹೇಳಲಿಲ್ಲ. ಅನಘಾಳಿಗೆ ಹದಿಮೂರೇ ವರ್ಷ, ಇತರ ಮಕ್ಕಳ ಒತ್ತಾಯ ಇರಬಹುದು, ಇಂಟರ್‌ಕಾಮಿನಲ್ಲಿ ಮಾತಾಡಿದ್ದು ಅವಳಲ್ಲವಲ್ಲ ಎಂದು ನನಗೆ ನಾನೇ ವಕೀಲಿ ಮಾಡಿಕೊಂಡೆ. ಪಿಳ್ಳೇರಲ್ಲೇ ಎನ್ನುವ ಮಾತು ಎಷ್ಟು ಮೆತ್ತಗಿರುತ್ತದೆ, ಒರಗಿಕೊಳ್ಳಲು ಎಷ್ಟು ಹಿತ ಎಂದು ಆಗ ತಿಳಿಯಿತು. ಮಂಗಳವಾರ ಸಂಜೆ ತಡೆಯಲಾಗದೆ ಹೆಂಡತಿಗೆ ಹೇಳಿದೆ.

ಅವಳು ಪೂರ್ತಿ ಕೇಳಿದಳು. "ಎರಡು ದಿವಸ ಎಂತ ಮಾಡಿದ್ರಿ ನೀವು?" ಎಂದಳು.

"ಯೋಚನೆ ಮಾಡ್ತಾ ಇದ್ದೆ."

"ಅದರಲ್ಲಿ ಎಂತ ಯೋಚನೆ ಮಾಡ್ಲಿಕ್ಕುಂಟು? ಅಷ್ಟು ಜನರ ಎದುರು ಬೇರೆಯವರ ಮಕ್ಕಳಿಗೆ ಬೈದದ್ದಲ್ವಾ? ಅಷ್ಟೇ ಜನರಿಗೆ ಹೇಳಿ, ವೀಡಿಯೊ ಮಾಡಿದ್ದು ನಮ್ಮ ಮಗಳು ಅಂತ. ಈಗ್ಲೇ ಗ್ರೂಪಿಗೆ ಹಾಕಿ."

"ಅವಳಿಗೆ ಅವಮಾನ ಆಗುದಿಲ್ವಾ?"

"ಆಗ್ಲಿ. ಅದರಿಂದ ಮೊಣಕಾಲು ಮುರಿಯುದಿಲ್ಲ. ಶನಿವಾರ ಅವಳನ್ನು ಕರ್ಕೊಂಡು ಇಲ್ಲಿಗೆ ಬನ್ನಿ. ಆ ಚೇಚಿ ಎಲ್ಲಿದ್ದಾರೆ ಅಂತ ವಿಚಾರಿಸಿ."

ಗ್ರೂಪಿಗೆ ಬರೆದೆ. ವೀಡಿಯೊದಲ್ಲಿ ಕೇಳಿದ್ದು ತಮಿಳಲ್ಲ, ನನ್ನ ಮಗಳ ಕನ್ನಡ; ಆ ಮಾತನ್ನು ಅವಳು ಕಲಿತದ್ದು ನನ್ನಿಂದ; ಭಾನುವಾರ ನಾನು ಹೇಳಿದ್ದೆಲ್ಲ ಮೊದಲು ನನಗೇ ಅನ್ವಯಿಸುತ್ತದೆ ಎಂದು. ಬೈಗುಳಕ್ಕೆ ಸಿದ್ಧನಾಗಿ ಕೂತೆ. ಐದು ನಿಮಿಷದಲ್ಲಿ ಉತ್ತರಗಳು ಬಂದವು. "ಸಾರಿಲ್ಲ ಸಾರೇ, ಪಿಳ್ಳೇರಲ್ಲೇ." ಪರವಾಗಿಲ್ಲ ಸಾರ್, ಮಕ್ಕಳಲ್ಲವೇ. ಒಬ್ಬರ ಮೇಲೊಬ್ಬರು. ಬಂದರಿನವರು ಒಂದು ಹೃದಯದ ಚಿತ್ರ ಹಾಕಿದರು. ನನ್ನ ಜೀವಮಾನದಲ್ಲಿ ಯಾವ ಬೈಗುಳವೂ ನನ್ನನ್ನು ಅಷ್ಟು ಕೆರಳಿಸಿದ್ದಿಲ್ಲ. ಪೆಟ್ಟು ತಿಂದವರು ಅವರಲ್ಲ, ನೋವು ಅವರದಲ್ಲ, ಕ್ಷಮೆಯನ್ನು ಮಾತ್ರ ಧಾರಾಳವಾಗಿ ಹಂಚುತ್ತಿದ್ದರು. ಒಬ್ಬರ ಮಗುವನ್ನು ಇನ್ನೊಬ್ಬರು ಮನ್ನಿಸಿ, ತಮ್ಮ ಮಗುವಿಗೂ ಕ್ಷಮೆ ಪಡೆದು, ಎಲ್ಲರೂ ಸುಖವಾಗಿರುವ ಈ ಏರ್ಪಾಟಿಗೆ ನಾವು ಒಳ್ಳೆಯ ನೆರೆಹೊರೆ ಎಂದು ಹೆಸರಿಟ್ಟಿದ್ದೇವೆ.

ಚೇಚಿಯ ವಿಳಾಸ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೆಟ್ಟಿಲು ಗುಡಿಸುವ ಹೆಂಗಸರಿಗೆ ಗೊತ್ತಿತ್ತು. ತಿರುವನಂತಪುರದ ಚಾಲೈ ಪೇಟೆಯಲ್ಲಿ ಅವರ ತಂಗಿಯ ಹೂವಿನ ಅಂಗಡಿ ಇದೆ, ಅಲ್ಲಿದ್ದಾರೆ ಎಂದರು. ಶನಿವಾರ ಬೆಳಗಿನ ರೈಲು ಹತ್ತಿದೆವು. ದಾರಿಯುದ್ದಕ್ಕೂ ಅನಘಾ ಕಿಟಕಿಯ ಕಡೆ ಮುಖ ಮಾಡಿ, ತುಟಿ ಆಡಿಸುತ್ತ ಏನನ್ನೋ ಬಾಯಿಪಾಠ ಮಾಡುತ್ತಿದ್ದಳು. ನಿಲ್ದಾಣದಲ್ಲಿ ವಿದ್ಯಾ ನಿಂತಿದ್ದಳು. ಮಗಳನ್ನು ಅಪ್ಪಿಕೊಂಡಳು, ಆದರೆ ಒಂದೂ ಸಮಾಧಾನದ ಮಾತು ಹೇಳಲಿಲ್ಲ.

ಚಾಲೈಯ ಬೀದಿಯಲ್ಲಿ ಈರುಳ್ಳಿ ಮೂಟೆ, ಕೈಗಾಡಿ, ಹಾರ್ನುಗಳ ನಡುವೆ ತೂರಿಕೊಂಡು ಹೂವಿನ ಸಾಲಿಗೆ ಬಂದೆವು. ಅಂಗಡಿಯ ಮುಂದೆ ನಿಂತಿದ್ದ ತಂಗಿ "ಎಂತರ್ ವೇಣಂ?" ಎಂದರು, ಏನು ಬೇಕು ಎಂದು. ಮಲಯಾಳದ ಪಾಠಗಳಲ್ಲಿ ಇಲ್ಲದ ಆ ಎಂತರ್, ನಮ್ಮ ಊರಿನ "ಎಂತ" ಎಂಬ ಪದದ ಸ್ವಂತ ತಮ್ಮ. ಬೇರೆ ದಿನವಾಗಿದ್ದರೆ ನಾನು ಈ ಬಾಂಧವ್ಯದ ಬಗ್ಗೆ ಒಂದು ಭಾಷಣವನ್ನೇ ಮಾಡುತ್ತಿದ್ದೆ. ಒಳಗೆ ಸುಲೋಚನಾ ಚೇಚಿ ಸ್ಟೂಲಿನ ಮೇಲೆ ಕೂತು, ಪಟ್ಟಿ ಸುತ್ತಿದ ಕಾಲನ್ನು ಬೋರಲು ಹಾಕಿದ ಬುಟ್ಟಿಯ ಮೇಲೆ ಚಾಚಿ, ಮಲ್ಲಿಗೆ ಕಟ್ಟುತ್ತಿದ್ದರು. ಕೋಟಿಲ್ಲದೆ ಅವರು ಚಿಕ್ಕದಾಗಿ ಕಂಡರು.

ಅನಘಾಳ ಬಾಯಿಪಾಠ ಅಲ್ಲಿ ಕೈಕೊಟ್ಟಿತು. "ಚೇಚೀ, ಸಾರಿ" ಎಂದಷ್ಟೇ ಬಂತು.

ತಂಗಿಗೆ ಅರ್ಥವಾಯಿತು. "ಇವಳೇ ಏನು ಆ ಹುಡುಗಿ?" ಎಂದು ಸೊಂಟಕ್ಕೆ ಕೈ ಇಟ್ಟರು. ಆಮೇಲೆ ನನ್ನ ಕಡೆ ತಿರುಗಿ, ಇಡೀ ಬೀದಿಗೆ ಕೇಳುವಂತೆ, "ಮಗುವಿಗೆ ನಾನು ಏನೂ ಹೇಳುವುದಿಲ್ಲ ಸಾರೇ. ಇದು ವಳರ್ತ್ತುದೋಷಂ!" ಎಂದರು. ನಾನು ತಲೆ ತಗ್ಗಿಸಿದೆ. ಆ ಪದದ ಸರಿಯಾದ ಉಚ್ಚಾರ ಅಂದು ಮೊದಲ ಬಾರಿಗೆ ಕೇಳಿದೆ.

ಚೇಚಿ ತಂಗಿಯನ್ನು ಸುಮ್ಮನಿರಿಸಿ ಅನಘಾಳನ್ನು ಹತ್ತಿರ ಕರೆದರು. "ಮೋಳೇ," ಎಂದರು, ಮಗಳೇ ಎಂದು. "ಆ ದಿನ ಬಿದ್ದವರು ಯಾರು?"

ಅನಘಾ ತನ್ನ ಚಪ್ಪಲಿ ನೋಡುತ್ತ ನಿಂತಳು.

"ಯಾರೂ ಇಲ್ಲ ಅಂತ ನಿನಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲವಲ್ಲ. ಮೊದಲು, ನಿಮ್ಮ ಎದುರುಮನೆಯ ಶುಗರ್ ಇರುವ ಟೀಚರಮ್ಮ ಇರಬೇಕು ಅಂದುಕೊಂಡೆ. ಎಂಟನೇ ಮಹಡಿಯಲ್ಲಿ ಉಸಿರು ಕಟ್ಟಿತು, ಕೂತುಬಿಡೋಣ ಅನ್ನಿಸಿತು. ಆಗ ನಿನ್ನ ಅಮ್ಮೂಮ್ಮನ ನೆನಪಾಯಿತು. ಅವರಿಗೆ ಮಲಯಾಳ ಬರುವುದಿಲ್ಲ. ಬಿದ್ದರೆ ಯಾರನ್ನು, ಹೇಗೆ ಕರೆಯುತ್ತಾರೆ ಪಾಪ ಅಂತ ಮತ್ತೆ ಓಡಿದೆ."

ಮೂರು ವಾರ ನಮ್ಮಲ್ಲಿದ್ದ ವಿದ್ಯಾಳ ತಾಯಿ ಆ ಮಳೆ ರಜೆಯ ಹಿಂದಿನ ದಿನ ಮುಂಜಾನೆಯೇ ಪುತ್ತೂರಿಗೆ ಹೊರಟಿದ್ದರು. ಚೇಚಿ ಕೆಲಸಕ್ಕೆ ಬರುವ ಮೊದಲೇ ನಾನು ಸ್ಟೇಷನ್ನಿಗೆ ಬಿಟ್ಟು ಬಂದಿದ್ದೆ. ಅವರು ಊರಿಗೆ ಹೋದರೆಂದು ಗೇಟಿನಲ್ಲಿ ಹೇಳುವ ಅಗತ್ಯವೂ ನಮಗೆ ಕಂಡಿರಲಿಲ್ಲ. ಅನಘಾ ಅಳತೊಡಗಿದಳು. ಸೋಫಾದ ಮೂಲೆಯಲ್ಲಿ ಅತ್ತ ಅಳು ಇದಲ್ಲ. ಇದಕ್ಕೆ ದನಿ ಇರಲಿಲ್ಲ. ಚೇಚಿ ಅವಳ ಕಣ್ಣು ಒರೆಸಲು ಹೋಗಲಿಲ್ಲ, ಅಳಲು ಬಿಟ್ಟರು.

"ಕ್ಷಮಿಸಿದೆ ಅಂದರೆ ರೈಲು ಕೊಲ್ಲಂ ದಾಟುವ ಮೊದಲೇ ನೀನು ಮರೆಯುತ್ತೀಯ. ಅದಕ್ಕೇ ಈಗ ಹೇಳುವುದಿಲ್ಲ. ಭಾನುವಾರ ಭಾನುವಾರ ಫೋನ್ ಮಾಡಿ ನನ್ನ ಕಾಲು ಹೇಗಿದೆ ಅಂತ ಕೇಳು. ಆಮೇಲೆ ನೋಡುವ."

ವಿದ್ಯಾ ಕೇಳಿದಳು: "ಕಾಲು ಸರಿಯಾದ ಮೇಲೆ ಕೆಲಸಕ್ಕೆ ಬರ್ತೀರಾ ಚೇಚೀ?"

"ಇಲ್ಲ ಮೇಡಂ. ಇನ್ನೊಮ್ಮೆ ಯಾರೋ ಬಿದ್ದಿದ್ದಾರೆ ಅಂತ ಫೋನ್ ಬಂದರೆ ನಾನು ಓಡುತ್ತೇನೋ, ನಿಜವೋ ಸುಳ್ಳೋ ಅಂತ ಕೂತು ಯೋಚಿಸುತ್ತೇನೋ ನನಗೇ ಗೊತ್ತಿಲ್ಲ. ಓಡದವಳು ಆ ಕುರ್ಚಿಯಲ್ಲಿ ಕೂತು ಏನು ಪ್ರಯೋಜನ?"

ನಾನು ಇಷ್ಟೆಲ್ಲ ಬರೆಯುತ್ತಿರುವುದು ಈ ಒಂದು ಮಾತಿಗಾಗಿ. ಮೊಣಕಾಲು ಕೂಡಿಕೊಳ್ಳುತ್ತದೆ. ಆದರೆ ಕೂಗು ಕೇಳಿದ ತಕ್ಷಣ ಏಳುವ, ಯಾರೆಂದು ವಿಚಾರಿಸದೆ ಓಡುವ ಒಂದು ಮನಸ್ಸು ಆ ಕಟ್ಟಡದಲ್ಲಿತ್ತು. ಅದನ್ನು ನಮ್ಮ ಮಕ್ಕಳು ಒಂದು ಮಧ್ಯಾಹ್ನ ಕೆಡಿಸಿದರು, ಮತ್ತು ಹಾಗೆ ಕೆಡಿಸಬಹುದೆಂದು ಅವರಿಗೆ ತೋರಿಸಿಕೊಟ್ಟವರು ನಾವು. ಸಮಾಜ ಎನ್ನುವುದು ದೊಡ್ಡ ಮಾತು, ನನಗೆ ಅದರ ಲಕ್ಷಣ ಹೇಳಲು ಬಾರದು. ನಾನು ಬಿದ್ದಾಗ ಯಾರಾದರೂ ಬಂದಾರು ಎಂಬ ನಂಬಿಕೆ ಅದರಲ್ಲಿ ಇರಲೇಬೇಕು ಎಂದಷ್ಟೇ ಬಲ್ಲೆ. ಅದು ತಯಾರಾಗುವುದೂ ಹಾಳಾಗುವುದೂ ಮನೆಯೊಳಗೆ, ಕಾರಿನೊಳಗೆ, ಗಾಜು ಏರಿಸಿಕೊಂಡು ನಾವಾಡುವ ಮಾತಿನಲ್ಲಿ. ಇದನ್ನು ಬರೆಯುವಾಗಲೂ ನನಗೆ ಕೋಪ ಬರುತ್ತಿದೆ. ಬಂದರಿನವರ ಮೇಲೆ ಸ್ವಲ್ಪ, ಹೃದಯದ ಚಿತ್ರಗಳ ಮೇಲೆ ಸ್ವಲ್ಪ, ಉಳಿದದ್ದೆಲ್ಲ ಎಲ್ಲಿಗೆ ಸೇರಬೇಕೋ ಅಲ್ಲಿಗೆ.

ಅನಘಾ ಭಾನುವಾರಗಳಲ್ಲಿ ಫೋನ್ ಮಾಡುತ್ತಾಳೆ. ಮೊದಲ ವಾರ ನಾನು ನೆನಪಿಸಬೇಕಾಯಿತು, ಮಾತು ಅರ್ಧ ನಿಮಿಷದಲ್ಲಿ ಮುಗಿಯಿತು. ಮೂರನೆಯ ವಾರದಿಂದ ನೆನಪಿಸುವುದು ಬೇಕಾಗಲಿಲ್ಲ. ಈಗ ಅರ್ಧ ಗಂಟೆ ನಡೆಯುತ್ತದೆ. ಚೇಚಿ ಅಂಗಡಿಯವರೆಗೆ ನಡೆದೇ ಬರುತ್ತಾರಂತೆ, ಮೆಟ್ಟಿಲು ಮಾತ್ರ ಕಷ್ಟವಂತೆ. ಕ್ಷಮಿಸಿದೆ ಎಂದು ಅವರು ಇನ್ನೂ ಹೇಳಿಲ್ಲ. ಇವಳೂ ಕೇಳಿಲ್ಲ.

ಹೋದ ಭಾನುವಾರ ನಾನು ಅಡುಗೆಮನೆಯಲ್ಲಿ ದೋಸೆ ಹೊಯ್ಯುತ್ತಿದ್ದೆ. ಅವಳು ಫೋನನ್ನು ಸ್ಪೀಕರಿಗೆ ಹಾಕಿ ಜಡೆ ಹಾಕಿಕೊಳ್ಳುತ್ತಿದ್ದಳು. "ಅಪ್ಪ ಹೇಗಿದ್ದಾರೆ?" ಎಂದು ಆ ಕಡೆಯಿಂದ ಚೇಚಿ ಕೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಅನಘಾ ತುಸು ಯೋಚಿಸಿದಳು. "ಕೋಪ ಹಾಗೇ ಇದೆ ಚೇಚೀ," ಎಂದಳು. "ಆದರೆ ಹೇಳಿಕೊಟ್ಟರೆ ಕಲಿಯುತ್ತಾರೆ."

ಚೇಚಿ ಜೋರಾಗಿ ನಕ್ಕರು. ನನಗೆ ಸಿಟ್ಟು ಬಂತು, ಒಳ್ಳೆಯ ಒಂದು ಮಾತೂ ನಾಲಗೆಗೆ ಬಂತು. ಅದನ್ನು ನುಂಗಿಕೊಂಡು ದೋಸೆ ಮಗುಚಿದೆ.